ಬಾಣಂತಿ ಕೋಣೆಯ ಕೆಂಡ

ಅಪ್ಪಿಯಕ್ಕನಿಗೆ ಚಿಂತೆಯಾದದ್ದು ಕೆಂಡದ್ದು. ಸೊಸೆ ತಲೆನೋವೆಂದು ನರಳುತ್ತಿದ್ದದ್ದು ಕಿವಿಗೆ ಬೀಳಲಿಲ್ಲ. ಮಣ್ಣಿನ ಚಟ್ಟಿಯ ಕೆಂಡ ಮಂಕಾದದ್ದು ಮಾತ್ರ ಕಣ್ಣಿಗೆ ಬಿತ್ತು.

ಆ ಸೊಸೆ ನನ್ನ ಅಕ್ಕನ ಮಗಳು ನವ್ಯಶ್ರೀ. ಅಕ್ಕ ಈಗಿಲ್ಲ. ಹಿರಿಯಡ್ಕದ ನಮ್ಮ ಮನೆಗೆ ಕಳುಹಿಸಿ, ಬಾಣಂತನ ನಾನು ಮಾಡುತ್ತೇನೆ ಎಂದು ಕೇಳಿಕೊಂಡಿದ್ದೆ. "ಕಾಪುವಿನಲ್ಲಿ ಇಷ್ಟು ದೊಡ್ಡ ಹೊಸ ಮನೆ ಉಂಟು. ಜನ ಎಂತ ಹೇಳಿಯಾರು?" ಎಂದು ಅಪ್ಪಿಯಕ್ಕ ಬಾಯಿ ಮುಚ್ಚಿಸಿದರು. ಜನರ ಮಾತಿಗೆ ಇರುವ ಬೆಲೆ ಬಾಣಂತಿಯ ಕಡೆಯವರ ಮಾತಿಗೆ ಇಲ್ಲ!

ಬಾಣಂತಿ ಮಿಂದು ಬಂದ ಮೇಲೆ ತೆಂಗಿನ ಗೆರಟೆಯ ಕೆಂಡಕ್ಕೆ ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವ ಕ್ರಮ ನಮ್ಮಲ್ಲೂ ಇದೆ. ನಾನೂ ಆ ಹೊಗೆ ಕುಡಿದವಳೇ. ಆದರೆ ನಾನು ಮಲಗಿದ್ದು ಹೆಂಚಿನ ಮಾಡಿನ ಕೆಳಗೆ. ಹೆಂಚಿನ ಸಂದಿಯಿಂದ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ಇಲ್ಲಿ ಮೇಲೆ ಕಾಂಕ್ರೀಟು. ಏಸಿಯ ತಂಪು ಸೋರಬಾರದೆಂದು ನವ್ಯಳ ಗಂಡ ಧನರಾಜ್ ಕಿಟಕಿಗಳ ಸುತ್ತ ರಬ್ಬರು ಕೂರಿಸಿದ್ದಾನೆ. ಸಾಲದ್ದಕ್ಕೆ, ಬಾಣಂತಿಗೆ ಗಾಳಿ ತಾಗಬಾರದೆಂದು ಅಪ್ಪಿಯಕ್ಕ ಬಾಗಿಲಡಿಯ ಸಂದಿಗೆ ಹೊರಗಿನಿಂದ ಹಳೆ ಸೀರೆ ತುರುಕುತ್ತಿದ್ದರು. ಹಳೆ ಮನೆಯ ಕ್ರಮ ಹೊಸ ಮನೆಗೆ ಬಂತು, ಹಳೆ ಮಾಡು ಬರಲಿಲ್ಲ.

ಅವತ್ತು ಬೆಳಿಗ್ಗೆ ನಾನು ಹೋದಾಗ ನವ್ಯ ಮಂಚದಲ್ಲಿ ಮುದುಡಿ ಕೂತಿದ್ದಳು.

"ಚಿಕ್ಕಮ್ಮ, ಹೊಗೆ ಹಾಕಿದರೆ ತಲೆ ಸಿಡಿಯುತ್ತದೆ. ವಾಂತಿ ಬಂದ ಹಾಗಾಗುತ್ತದೆ. ಬಾಗಿಲು ತೆರೆದರೆ ಕಮ್ಮಿಯಾಗುತ್ತದೆ."

"ನಾವೆಂತ ಹೆರಲಿಲ್ವಾ?" ಎಂದ ಅಪ್ಪಿಯಕ್ಕ ಚಟ್ಟಿಗೆ ಬಗ್ಗಿದರು. "ನೋಡಿ, ಪುನಃ ನಂದುತ್ತಾ ಉಂಟು. ಯಾರದ್ದೋ ದೃಷ್ಟಿ ಬಿದ್ದಿದೆ."

"ದೃಷ್ಟಿಯಲ್ಲ ಅಕ್ಕ. ಮುಚ್ಚಿಟ್ಟ ದೀಪ ಉರಿಯುತ್ತದಾ? ಇಲ್ಲಿ ಬೆಂಕಿಗೇ ಉಸಿರು ಸಾಲುವುದಿಲ್ಲ, ಈ ಹಸುಗೂಸಿಗೆ ಎಲ್ಲಿಂದ ಸಾಲಬೇಕು? ಕಿಟಕಿ ತೆರೆಯಿರಿ."

"ಗಾಳಿ ತಾಗಿ ಸನ್ನಿ ಹಿಡಿದರೆ ನೀವು ನೋಡಿಕೊಳ್ಳುತ್ತೀರಾ?"

ಬಾಗಿಲಲ್ಲಿ ನಿಂತಿದ್ದ ಧನರಾಜ್ ಕಡೆ ನೋಡಿದೆ. ಮೊಬೈಲಿನಿಂದ ಕಣ್ಣೆತ್ತಿ, "ಅಮ್ಮನಿಗೆ ಗೊತ್ತುಂಟು ಚಿಕ್ಕಮ್ಮ" ಎಂದ. ಮಗುವಿನ ಅಪ್ಪನಂತೆ!

ಅಪ್ಪಿಯಕ್ಕ ಚಟ್ಟಿ ತುಂಬ ಹೊಸ ಕೆಂಡ ಸುರಿದರು, ನನ್ನನ್ನು ಹೊರಗೆ ಕರೆದು ಬಾಗಿಲು ಮುಚ್ಚಿ ಸೀರೆ ತುರುಕಿದರು. ನಾನು ಚಾವಡಿಯಲ್ಲೇ ನಿಂತು ಧನರಾಜ್‌ನ ಜೊತೆ ಜಗಳಕ್ಕಿಳಿದೆ. ಸ್ವಲ್ಪ ಹೊತ್ತು ಹೋದದ್ದೇ, ಮಾತಿನ ನಡುವೆ ಕೆಳಗೆ ಏನೋ ಅಲುಗಾಡಿದಂತಾಯಿತು. ನೋಡಿದರೆ, ತುರುಕಿದ್ದ ಸೀರೆ ಒಳಕ್ಕೆ ಸರಿಯುತ್ತಿದೆ. ಒಳಗಿನಿಂದ ಯಾರೋ ಎಳೆಯುತ್ತಿದ್ದಾರೆ.

"ಕಂಡಿರಾ ಇವಳ ಹಠ!" ಎಂದು ಅಪ್ಪಿಯಕ್ಕ ಅದನ್ನು ಮತ್ತೆ ತುರುಕಲು ಬಗ್ಗಿದರು. ನಾನು ಹಿರಿಯರೆಂದು ನೋಡಲಿಲ್ಲ. ಅವರನ್ನು ದೂಡಿ, ಬಾಗಿಲನ್ನು ಹೊರಕ್ಕೆಳೆದೆ.

ಹೊಸ್ತಿಲ ಬಳಿ ಬರಿ ನೆಲದಲ್ಲಿ ಮಗು ಇತ್ತು. ಬಾಗಿಲಡಿಯ ಸಂದಿಗೇ ಮುಖ ತಾಗುವಂತೆ ಮಲಗಿಸಿದ್ದಳು. ಅದರ ಹಿಂದೆ ನವ್ಯ ಬೋರಲಾಗಿ ಬಿದ್ದಿದ್ದಳು, ಎಳೆದ ಹಳೆ ಸೀರೆಯ ತುದಿ ಇನ್ನೂ ಮುಷ್ಟಿಯಲ್ಲಿತ್ತು. ಎದ್ದು ಬಾಗಿಲ ಹಿಡಿಕೆ ಹಿಡಿಯುವಷ್ಟು ಬಲ ಅವಳಲ್ಲಿ ಉಳಿದಿರಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ಗಾಳಿ ಸಾಲದ ಕೆಂಡ ವಿಷ ಉಗುಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ ಎಂದರು ಡಾಕ್ಟರು. ಮಗುವಿಗೆ ಅಷ್ಟೇನೂ ಆಗಿರಲಿಲ್ಲ. ತಾಯಿ ಕಣ್ಣು ಬಿಟ್ಟದ್ದು ಸಂಜೆಗೆ. ನಾನು ಅತ್ತುಬಿಟ್ಟೆ.

ಹೊರಗೆ ಬಂದರೆ, ನೋಡಲು ಬಂದ ನೆಂಟರ ಮುಂದೆ ಅಪ್ಪಿಯಕ್ಕ ಕಣ್ಣೊರೆಸಿಕೊಂಡು ಹೇಳುತ್ತಿದ್ದರು: "ಎಳೆಮಗುವನ್ನು ಬರಿ ನೆಲದಲ್ಲಿ ಹಾಕಿದ್ದಾಳೆ ಮಾರಾಯ್ತಿ. ಸನ್ನಿಯಲ್ಲದೆ ಮತ್ತೆಂತ?"

ಧನರಾಜ್ ಪಕ್ಕದಲ್ಲೇ ನಿಂತು ಮೊಬೈಲು ನೋಡುತ್ತಿದ್ದ.

"ಹೌದು ಅಕ್ಕ, ನೆಲದಲ್ಲಿ ಹಾಕಿದಳು" ಎಂದೆ, ಎಲ್ಲರಿಗೂ ಕೇಳುವಂತೆ. "ಆ ಕೋಣೆಯಲ್ಲಿ ಉಸಿರಾಡಲು ಇದ್ದದ್ದು ಅದೊಂದೇ ಜಾಗ. ಅಲ್ಲಿ ಇಬ್ಬರಿಗೆ ಮುಖ ಇಡಲು ಆಗುತ್ತಿರಲಿಲ್ಲ."