ಇಪ್ಪತ್ತೈದು ನಿಮಿಷ

ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಯಾರನ್ನೂ ಹತ್ತಿಸಿಕೊಳ್ಳದೆ ಮುಚ್ಚಿಕೊಂಡಿತು. ನಾನು ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಹೋದೆ.

ಅದು ಎಂಬಿಎ ಕಲಿಸುವ ಕಾಲೇಜು. ಸಂದರ್ಶನದಲ್ಲಿ ನನ್ನ ಸರದಿ ಹನ್ನೊಂದಕ್ಕೆ. ನಾನು ಒಂಬತ್ತೂವರೆಗೇ ಹೋಗಿದ್ದೆ. ಆ ವರ್ಷ ನನಗೆ ಕೂರಲು ಆಗುತ್ತಿರಲಿಲ್ಲ. ನಿಂತೇ ಉಣ್ಣುತ್ತಿದ್ದೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಗಂಡ ಪಂಪಾಪತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಳು ಬಂದಿರಲಿಲ್ಲ. ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಹಿಂದಿನ ದಿನ ಅತ್ತೆ ಕೇಳಿದ್ದರು. "ಅಲ್ಲಮ್ಮಾ, ಕಂಪ್ಯೂಟರ್ ಕೆಲ್ಸ ನೆಟ್ಟಗೇ ಐತಲ್ಲ. ಮತ್ತೆ ಎರಡು ವರ್ಷ ಓದಿ ಏನ್ ಮಾಡ್ತಿ?"

"ಮೇಲಿನವರ ಜೊತೆ ಕೂತು ಮಾತಾಡೋಕೆ ಆ ಓದು ಬೇಕು, ಅತ್ತೆ."

"ಕೂತು ಮಾತಾಡ್ತಾಳಂತೆ! ಮೊದ್ಲು ಕೂತು ಒಂದು ರೊಟ್ಟಿ ತಿನ್ನು."

ನಾನು ಲಿಫ್ಟ್ ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೆ. ಯಾವ ಮೆಕ್ಯಾನಿಕ್ ಯಾವ ಕಟ್ಟಡಕ್ಕೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೇಳುವ ಆಪ್ ನನ್ನ ಕೈಯಲ್ಲಿತ್ತು. ಪಂಪಾಪತಿ ಅದೇ ಕಂಪನಿಯ ಮೆಕ್ಯಾನಿಕ್. ಆಪ್ ಕೆಟ್ಟಿದೆಯೆಂದು ದೂರು ಹೇಳಲು ನನ್ನ ಟೇಬಲ್ಲಿಗೆ ಬಂದವನು. ಮೂರನೇ ಸಲ ಬಂದಾಗ ಆಪ್ ಕೆಟ್ಟಿರಲಿಲ್ಲ. ಮದುವೆಯಾದ ಮೇಲೂ ನನ್ನನ್ನು 'ಆಪ್ ಮೇಡಂ' ಎಂದೇ ಕರೆಯುತ್ತಿದ್ದ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ಕೂತಿದ್ದ ನಳಿನಾಕ್ಷಿ ಮೇಡಂ ನನ್ನ ಅರ್ಜಿ ತಿರುವಿದರು. "ಓದಲು ಕಾರಣ: ನಾಯಕತ್ವ ಗುಣ ಬೆಳೆಸಿಕೊಳ್ಳುವುದು. ಬೆಳಗಿನಿಂದ ನೀವು ಒಂಬತ್ತನೇ ನಾಯಕಿ. ಹೀಗೇ ಆದರೆ ಕ್ಯಾಂಟೀನಿನಲ್ಲಿ ಸಾಲು ನಿಲ್ಲುವವರೇ ಇರುವುದಿಲ್ಲ."

ಪಕ್ಕದವರಿಬ್ಬರೂ ನಕ್ಕರು. ತೆರೆದ ಬಾಗಿಲಾಚೆ ಲಿಫ್ಟು ಬಂದು ನಿಂತು, ಬಾಯಿ ತೆರೆದು, ಮುಚ್ಚಿಕೊಂಡಿತು.

"ಅದು ಸುಳ್ಳು ಮೇಡಂ" ಎಂದೆ.

"ಹಾಗಾದರೆ ನಿಜ ಹೇಳಿ. ಕೂತುಕೊಳ್ಳಿ."

"ನಿಂತೇ ಹೇಳ್ತೀನಿ."

ಹೇಳಿದೆ. ನಮ್ಮ ಆಪಿನಲ್ಲಿ ಎರಡು ಬಟನ್‌ಗಳಿದ್ದವು. ಕಟ್ಟಡ ತಲುಪಿದಾಗ 'ಬಂದೆ' ಒತ್ತಬೇಕು, ಕೆಲಸವಾದಾಗ 'ಮುಗಿಯಿತು'. ಆದರೆ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದರೆ ನೆಟ್‌ವರ್ಕ್ ಸಿಗದು. ನಡುವೆ ನೆಟ್‌ವರ್ಕ್ ಹೋದರೆ ಅವರು ತುಂಬಿದ ಕೆಲಸದ ವಿವರವನ್ನೆಲ್ಲ ಆಪ್ ಅಳಿಸಿಬಿಡುತ್ತಿತ್ತು, ಮೊದಲಿನಿಂದ ಬರೆಯಬೇಕು. ಅದಕ್ಕೆ ಮೆಕ್ಯಾನಿಕ್‌ಗಳು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಮೇಲಿನಿಂದ ಒಮ್ಮೆ ನೋಡಿ, ಮೀಟರು ಓದಿ, ಗುಂಡಿಗೆ ಇಳಿಯುವ ಮೊದಲೇ 'ಮುಗಿಯಿತು' ಒತ್ತಿಬಿಡುತ್ತಿದ್ದರು. ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಆಮೇಲೆ.

ಇದನ್ನು ನನಗೆ ಹೇಳಿದವನು ಪಂಪಾಪತಿ, ಊಟಕ್ಕೆ ಕೂತಾಗ, ನಗುತ್ತ. "ಆಪ್ ಮೇಡಂ, ನಿಮ್ಮ ಲೆಕ್ಕದಾಗ ನಾನು ಹದಿನೆಂಟು ನಿಮಿಷಕ್ಕೆ ಲಿಫ್ಟ್ ರಿಪೇರಿ ಮಾಡೋ ಮಾಯಗಾರ." ನಾನೂ ನಕ್ಕೆ. ಆ ದೋಷ ನನ್ನ ಪಟ್ಟಿಯಲ್ಲಿತ್ತು, ಕೊನೆಯಲ್ಲಿ.

ಒಂದು ದಿನ ಮೇಲಿನ ಮಹಡಿಯಿಂದ ಚೀಟಿ ಬಂತು. ಸರಾಸರಿ ಕೆಲಸ ಹದಿನೆಂಟು ನಿಮಿಷದಲ್ಲಿ ಮುಗಿಯುತ್ತಿದೆ; ಒಂದು ಲಿಫ್ಟಿಗೆ ನಲವತ್ತು ನಿಮಿಷ ಕೊಡುವುದು ದಂಡ; ಇಪ್ಪತ್ತೈದು ಮಾಡಿ. ಒಂದೇ ಸಂಖ್ಯೆ. ಬದಲಾಯಿಸಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ನಮ್ಮ ಆಫೀಸಿನಲ್ಲಿ ಹದಿನೆಂಟು ಎಂಬುದು ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಹೇಳುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಚೀಟಿಯ ಮೇಲೆ 'ಆಯಿತು' ಎಂದು ಬರೆದೆ.

ದಿನಕ್ಕೆ ಐದಿದ್ದ ಕರೆಗಳು ಎಂಟಾದವು. ಏಳನೇ ವಾರ, ಐದನೇ ಕಟ್ಟಡದಿಂದ ಆರನೆಯದಕ್ಕೆ ಹೋಗುವಾಗ ಪಂಪಾಪತಿಯ ಬೈಕು ತಿರುವಿನಲ್ಲಿ ಲಾರಿಗೆ ಸಿಕ್ಕಿತು. ಅವಸರವೇ ಕಾರಣವೆಂದು ಯಾರೂ ಬರೆಯಲಿಲ್ಲ. ನಾನೂ ಹಾಗೆಂದು ಹೇಳಲಾರೆ. ಅವನ ಫೋನು ನನ್ನ ಕೈಗೆ ಬಂದಾಗ ಪರದೆಯ ಮೇಲೆ 'ತಡವಾಗಿದೆ' ಎಂಬ ಕೆಂಪು ಪಟ್ಟಿಯಿತ್ತು. ಆ ಪಟ್ಟಿಗೆ ಕೆಂಪು ಬಣ್ಣ ಆರಿಸಿದ್ದು ನಾನು.

ಮೇಡಂ ಅವರ ಬಲಗಡೆ ಕೂತಿದ್ದವರು ನೀರಿನ ಲೋಟವನ್ನು ನನ್ನತ್ತ ಸರಿಸಿದರು. "ಆಗ ಬಾಯಿಬಿಡಲು ನಿಮಗೆ ಡಿಗ್ರಿ ಬೇಕಿತ್ತೇನಮ್ಮಾ?"

"ಬೇಕಿರಲಿಲ್ಲ ಸರ್. ಆದರೆ ಆ ಸಂಖ್ಯೆ ನಿರ್ಧರಿಸಿದ ಕೋಣೆಯಲ್ಲಿ ಆರು ಜನರಿದ್ದರು. ಒಬ್ಬರಿಗೂ ಬಟನ್ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವಳು ಕೆಳಗಿನ ಮಹಡಿಯಲ್ಲಿದ್ದೆ. ನಾನು ಆ ಕೋಣೆಯಲ್ಲಿ ಇರಬೇಕು. ಅದಕ್ಕೇ ಓದಬೇಕು."

ಈ ಮಾತನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ತಿದ್ದಿದ್ದೆ. ಹೇಳಿ ಮುಗಿಸಿದಾಗ ಗೆದ್ದೆನೆನ್ನಿಸಿತು.

ನಳಿನಾಕ್ಷಿ ಮೇಡಂ ಕನ್ನಡಕ ತೆಗೆದರು. "ಈಗ ಅಲ್ಲಿ ಎಷ್ಟು ನಿಮಿಷ?"

"ಏನು ಮೇಡಂ?"

"ಒಂದು ಲಿಫ್ಟಿಗೆ. ಇವತ್ತು."

"ಇಪ್ಪತ್ತೈದು."

"ಮೇಲಿನವರಿಗೆ ಇನ್ನೂ ಹೇಳಿಲ್ಲ?"

ನಾನು ನೀರಿನ ಲೋಟ ಕೈಗೆತ್ತಿಕೊಂಡೆ.

"ಎರಡು ವರ್ಷ ಓದಿ, ಆಮೇಲೆ ಹೇಳೋಣ ಅಂತಲಾ?" ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಕೆಳಗಿಳಿದವಳೇ ಮಕ್ಬೂಲನಿಗೆ ಫೋನು ಮಾಡಿದೆ. ಪಂಪಾಪತಿಯ ಜೊತೆಗೇ ಕೆಲಸ ಕಲಿತವನು, ಇನ್ನೂ ಅದೇ ಕಂಪನಿಯ ಮೆಕ್ಯಾನಿಕ್. ಒಂದು ವಸತಿ ಕಟ್ಟಡದ ಹೆಸರು ಹೇಳಿದ. ನಾನು ಹೋದಾಗ ಗೇಟಿನ ಬಳಿ ನಿಂತು, ಫೋನು ಹಿಡಿದಿದ್ದ.

"ಅತ್ತಿಗೇ, ನೀವಾ! ಯಾಕೆ, ಆಪ್ ಕೆಟ್ಟೈತಾ?"

"ಕೆಟ್ಟಿರೋದು ನಾನು. ನೀನು ಕೆಲಸ ಮಾಡು. ನಾನು ಟೈಮ್ ಬರ್ಕೋತೀನಿ."

"ಆಫೀಸಿಗೆ ಚಾಡಿ ಹೇಳೋಕಾ?"

"ಹೌದು. ನನ್ನ ಮೇಲೇ."

ಅವನು ನನ್ನ ಮುಖ ನೋಡಿದ. ಮತ್ತೇನೂ ಕೇಳದೆ ಟಾರ್ಚು ಕೊಟ್ಟ. ಅವನು ಗುಂಡಿಯಲ್ಲಿ ಮಂಡಿಯೂರಿ ಜಿಡ್ಡು ಒರೆಸುವಾಗ, ಕೇಬಲ್ಲು ಬಿಗಿಮಾಡುವಾಗ, ನಾನು ಅಂಚಿನಲ್ಲಿ ಬೆಳಕು ಹಿಡಿದೆ. ಐದು ವರ್ಷ ಆ ಆಪ್ ಬರೆದಿದ್ದೆ. ಲಿಫ್ಟಿನ ಗುಂಡಿಯನ್ನು ಅಂದೇ ಮೊದಲು ನೋಡಿದ್ದು. ನಲವತ್ತೇಳು ನಿಮಿಷ ಹಿಡಿಯಿತು. ಅರ್ಜಿಯ ನಕಲಿನ ಹಿಂದೆ ಬರೆದುಕೊಂಡೆ. ಮುಂದಿನ ಕಟ್ಟಡಕ್ಕೆ ಅವನ ಬೈಕಿನಲ್ಲೇ ಹೊರಟೆ.

ನಾನು ಮೇಲಿನ ಕೋಣೆಗೆ ಹೋಗಿ ಹೇಳಿದ್ದು ಮುಂದಿನ ಸೋಮವಾರ. ಸಂಖ್ಯೆ ಬದಲಾಗಲು ಎರಡು ವಾರ ಹಿಡಿಯಿತು, ಕಾಲೇಜಿನ ಪತ್ರ ಬರಲು ಆರು. ಅದೆಲ್ಲ ಈಗ ಮಸುಕಾಗಿದೆ. ಮಕ್ಬೂಲನ ಬೈಕಿನಲ್ಲಿ ಹೊರಟ ಆ ಮಧ್ಯಾಹ್ನ ಮಾತ್ರ ಮಸುಕಾಗಿಲ್ಲ.

ಊರಾಚೆಯ ರೈಲ್ವೆ ಗೇಟು ಬಿದ್ದಿತ್ತು. ನಮ್ಮ ಆಪಿನ ನಕ್ಷೆಯಲ್ಲಿ ಅಲ್ಲಿ ನೇರವಾದ ರಸ್ತೆ ಮಾತ್ರವಿತ್ತು, ಗೇಟಿರಲಿಲ್ಲ. ಪಂಪಾಪತಿ ಬಿದ್ದ ತಿರುವು ಗೇಟಿನಾಚೆ ಕಾಣುತ್ತಿತ್ತು.

"ಇದು ದಿನಕ್ಕೆ ಎಷ್ಟು ಸಲ ಬೀಳುತ್ತೆ?"

"ಯಾರಿಗ್ಗೊತ್ತು ಅತ್ತಿಗೆ. ಯಾರೂ ಕೇಳಿಲ್ಲ. ಒಮ್ಮೊಮ್ಮೆ ಇಪ್ಪತ್ತು ನಿಮಿಷ ಇಲ್ಲೇ ಹೋಗ್ತೈತೆ. ಪಂಪಣ್ಣ ಇಲ್ಲಿ ನಿಂತು ರೈಲಿಗೆ ಬೈತಿದ್ದ."

ಮಕ್ಬೂಲ ಇಂಜಿನ್ ಆರಿಸಿದ. ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಆರಿಸಿದರು. ನಾನು ಸೀಟಿನಿಂದ ಇಳಿಯಲಿಲ್ಲ, ಕೂತೇ ಇದ್ದೆ. ಶೇಂಗಾ ಮಾರುವವಳು ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡಳು. ರೈಲು ಇನ್ನೂ ದೂರದಲ್ಲೆಲ್ಲೋ ಇತ್ತು. ಗೇಟಿನ ಕೆಳಗೆ ನುಸುಳಿದ ನಾಯಿಯೊಂದು ಹಳಿಗಳನ್ನು ಒಂದೊಂದಾಗಿ ಮೂಸುತ್ತ, ಯಾವ ಅವಸರವೂ ಇಲ್ಲದೆ, ಆಚೆಗೆ ದಾಟುತ್ತಿತ್ತು.