ಮಿಲ್ಟ್ರಿ ಟಗರು

“ನಮ್ಮ ಟಗರು ಕಡದಾಗ ನೀನೂ ಹೊಟ್ಟಿ ತುಂಬಾ ಉಂಡು ಹೋಗೀಯಲ್ಲೋ ಗೋವಿಂದಪ್ಪ! ಈಗ ಯಾವ ಮಾರಿ ಇಟ್ಕಂಡು ಬಂದಿ?”

ಕಾನ್‌ಸ್ಟೇಬಲ್ ಗೋವಿಂದಪ್ಪನಿಗೆ ಸೈಕಲ್ಲಿನ ಸ್ಟ್ಯಾಂಡ್ ಹಾಕಲೂ ಗಾದಿಲಿಂಗಮ್ಮ ಬಿಡಲಿಲ್ಲ. ಕುರಿಹಟ್ಟಿಯ ಮುಳ್ಳುಬೇಲಿಗೆ ಅಡ್ಡ ನಿಂತುಬಿಟ್ಟಿದ್ದಳು, ಕೈಯಲ್ಲಿ ಕಸಬರಿಗೆ. ಅವನು ಹೇಳಿದ್ದು ಇಷ್ಟೇ: ಗಡಿಯಲ್ಲಿ ಯುದ್ಧದ ಮಾತು ಜೋರಾಗಿದೆ, ರಿಸರ್ವಿನಲ್ಲಿದ್ದವರನ್ನೆಲ್ಲ ಪಲ್ಟನ್ನಿಗೆ ವಾಪಸು ಕರೆದಿದ್ದಾರೆ, ಆಕೆಯ ಮಗ ಉಚ್ಚೀರಪ್ಪ ನಾಡಿದ್ದು ಕೋಸಗಿಯಲ್ಲಿ ರೈಲು ಹತ್ತಬೇಕು.

“ನನ್ನ ಮಗ ಮಿಲ್ಟ್ರಿ ಬಿಟ್ಟು ಬಂದು ವರ್ಷ ಆತು. ನೀ ಹೇಳೋದು ಬ್ಯಾರೆ ಉಚ್ಚೀರಪ್ಪ ಇರಬೇಕು. ಹೋಗು, ಹುಡುಕು.”

“ಬ್ಯಾರೆ ಯಾರೂ ಇಲ್ಲಬೇ ಯವ್ವಾ, ಇವನೇ. ನೇನೇಂ ಚೇಸೇದಿ ಚೆಪ್ಪು? ನಾನೇನು ಮಾಡ್ಲಿ ಹೇಳು? ಮ್ಯಾಲಿನವರು ಹೇಳಿದ್ದು ನಾನು ಹೇಳೀನಿ.”

“ಹಂಗಾರೆ ನಿನ್ನ ಮ್ಯಾಲಿನವರಿಗೆ ಹೇಳು, ಟಗರು ಕಡದು ಮುಗಿಸೀವಿ ಅಂತ!”

ಸರಕಾರಕ್ಕೂ ಟಗರಿಗೂ ಏನು ಸಂಬಂಧ ಎಂದು ಗೋವಿಂದಪ್ಪ ಕೇಳಲಿಲ್ಲ. ಅವನೂ ಈ ಕಡೆಯವನೇ, ಕುರಿ ಕಾಯುವವರ ಮನೆಯ ರೀತಿ ಗೊತ್ತಿದ್ದವನು. ಅವರಲ್ಲಿ ಮಗನೊಬ್ಬ ಜೀವದ ಅಪಾಯವಿರುವ ಕಡೆ ಹೊರಟರೆ ಊರಮ್ಮನ ಹೆಸರಿಗೆ ಒಂದು ಗಂಡುಮರಿಯ ಕಿವಿ ಸೀಳಿ ಬಿಡುತ್ತಾರೆ. ಅದನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅದು ಹಟ್ಟಿಯಲ್ಲಿ ಇರುವ ತನಕ ಮಗನ ಜೀವಕ್ಕೆ ಊರಮ್ಮ ಹೊಣೆ. ಅವನು ಇನ್ನೆಂದೂ ಹೋಗದ ಹಾಗೆ ಮನೆ ಸೇರಿದ ಮೇಲೆಯೇ ಅದನ್ನು ಆಕೆಗೆ ಒಪ್ಪಿಸಬೇಕು. ಒಪ್ಪಿಸಿದರೆ ಲೆಕ್ಕ ಚುಕ್ತಾ.

ಚೀನಾದ ಗಲಾಟೆಯ ಮರುವರ್ಷ ಉಚ್ಚೀರಪ್ಪ ಪಲ್ಟನ್ ಸೇರಿದಾಗ ಬಿಟ್ಟ ಮರಿ ಊರಿಗೆಲ್ಲ ‘ಮಿಲ್ಟ್ರಿ ಟಗರು’ ಆಗಿತ್ತು. ಅಬ್ಬಬ್ಬಾ, ಅದರ ದರ್ಬಾರೇ ದರ್ಬಾರು! ಯಾರದೋ ಹೊಲದ ಶೇಂಗಾ ಮೇಯುವುದು, ಹೋಟೆಲಿನ ಬೆಂಚಿಗೆ ಗುಮ್ಮುವುದು, ಶಾಲೆಯ ಒಳಗೆ ಹೋಗಿ ಮಲಗುವುದು. ಯಾರೂ ಒಂದು ಮಾತು ಅನ್ನುವಂತಿರಲಿಲ್ಲ. ಅದು ಕೆಮ್ಮಿದರೆ ಗಾದಿಲಿಂಗಮ್ಮನಿಗೆ ಎದೆ ಹಾರುತ್ತಿತ್ತು. ಪಾಕಿಸ್ತಾನದ ಯುದ್ಧದ ದಿನಗಳಲ್ಲಂತೂ ಅದನ್ನು ಮಗ್ಗುಲಿಗೆ ಕಟ್ಟಿಕೊಂಡೇ ಮಲಗಿದಳು, ಪುಣ್ಯಾತ್ಗಿತ್ತಿ.

ಕಳೆದ ವರ್ಷ ಮಗ ಟ್ರಂಕು ಹೊತ್ತು ಬಂದಿಳಿದ. “ಎಷ್ಟು ದಿನದ ರಜಾನೋ?” ಎಂದರೆ “ರಜಾ ಅಲ್ಲಬೇ, ಮನಿಗೇ ಬಂದೀನಿ” ಎಂದ. ಸಾಕಲ್ಲ! ಮುಂದಿನ ಮಂಗಳವಾರವೇ ಟಗರು ಕಡಿದರು. ಹಲ್ಲುದುರಿದ ಮುದಿ ಟಗರು, ಬೇಯಲು ಎರಡು ಹೊರೆ ಕಟ್ಟಿಗೆ ತಿಂದಿತು. ನಂದವರಂನಿಂದ ಯರ್ರೆಪ್ಪ ಬಂದಿದ್ದ. ಬಂದೂಕು ಹಿಡಿಯುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಮೂರು ಸಂಬಂಧ ಬಿಟ್ಟ ಆಸಾಮಿ. ಹರಕೆಯ ಟಗರೇ ಎಡೆಗೆ ಬಿದ್ದ ಮೇಲೆ ಇನ್ನೇನು ಅನುಮಾನ? ಉಂಡು ಕೈ ತೊಳೆದು, ಅಲ್ಲೇ ಕುಂತು ತಾಂಬೂಲ ಹಿಡಿದ. ಮಗಳು ಶಾಂತಕ್ಕ ಈ ಮನೆಯ ಸೊಸೆಯಾದಳು.

ಈಗ ಗಾದಿಲಿಂಗಮ್ಮ ಹಟ್ಟಿಯತ್ತ ತಿರುಗಿ ಕೂಗಿದಳು. “ಏ ಉಚ್ಚೀರಾ, ಬಾರೋ ಇಲ್ಲಿ! ಈ ಪೊಲೀಸಪ್ಪಗ ನೀನೇ ಬಿಡಿಸಿ ಹೇಳು.”

ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಉಚ್ಚೀರಪ್ಪ ಎದ್ದು ಬಂದ. ತಾಯಿಯ ಮುಖ ನೋಡಲಿಲ್ಲ. ಗೋವಿಂದಪ್ಪನನ್ನು ಕೇಳಿದ, “ಯಾವ ಗಾಡಿಗೆ?”

“ಮುಂಜಾನಿ ಗಾಡಿಗೆ.”

“ಆತು. ನೀ ಹೋಗು.”

ಗೋವಿಂದಪ್ಪ ಸೈಕಲ್ ಹತ್ತಿ ಹಿಂತಿರುಗಿ ನೋಡದೆ ಹೋದ. ಗಾದಿಲಿಂಗಮ್ಮನ ಕೈಯ ಕಸಬರಿಗೆ ಕೆಳಗೆ ಬಿತ್ತು.

“ನಿನಗ ಗೊತ್ತಿತ್ತೇನೋ?”

“ಗೊತ್ತಿತ್ತುಬೇ. ಏಳು ವರ್ಷ ಪಲ್ಟನ್ದಾಗ ಇರಬೇಕು. ಆಮ್ಯಾಲೆ ಎಂಟು ವರ್ಷ ರಿಸರ್ವು. ಮನ್ಯಾಗ ಇರಬಹುದು, ಕುರಿ ಕಾಯಬಹುದು, ಮದಿವಿ ಆಗಬಹುದು. ಕರದ್ರ ಮಾತ್ರ ಹೋಗಬೇಕು.”

“ನಿನಗ ಬರೋ ರೊಕ್ಕ ಪಿಂಚಣಿ ಅಂದಿದ್ದಿ!”

“ನಾ ಅನ್ನಲಿಲ್ಲ. ನೀವೆಲ್ಲ ಅಂದ್ರಿ, ನಾ ಸುಮ್ನಿದ್ದೆ.” ಅವನು ಬಿದ್ದ ಕಸಬರಿಗೆ ಎತ್ತಿ ಬೇಲಿಗೆ ಆನಿಸಿದ. “ನಾ ಬಾಯಿ ತೆಗಿಯೋದ್ರಾಗ ನೀನು ಊರಿಗೆಲ್ಲ ಹೇಳಿ ಬಂದಿದ್ದಿ. ಕುಣಕೋತ ಓಡಾಡಾಕತ್ತಿದ್ದಿ. ಹೆಂಗ ಹೇಳ್ಲಿ? ಮತ್ತ ಯುದ್ಧ ಬರತೈತಂತ ಯಾರಿಗೆ ಗೊತ್ತಿತ್ತು?”

ರೊಟ್ಟಿ ಬಡಿಯುತ್ತಿದ್ದ ಶಾಂತಕ್ಕ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಕೈಗೆ ಹಿಟ್ಟು ಹತ್ತಿದ ಹಾಗೆಯೇ. ಮದುವೆಯಾಗಿ ಬಂದಾಗಿನಿಂದ ಗಂಡನಿಗೆ ಎದುರಾಡಿದವಳಲ್ಲ.

“ನಮ್ಮಪ್ಪ ಆ ಟಗರು ಉಂಡು ನನ್ನ ಕೊಟ್ಟ,” ಎಂದಳು. “ನೀನೇ ಅವನ ತಾಟಿಗೆ ಬಡಿಸಿದಿ.”

ಉಚ್ಚೀರಪ್ಪ ವಾಪಸು ಹೋಗಿ ಮರಿಗಳಿಗೆ ಸೊಪ್ಪು ಕಟ್ಟಲು ಕುಂತ. ಬಡಿಸಿದ್ದು ನಿಜ.

ಮಧ್ಯಾಹ್ನ ಪಕ್ಕದ ಮನೆಯ ದಸ್ತಗಿರಮ್ಮ ಬಂದು ಗಾದಿಲಿಂಗಮ್ಮನ ಪಕ್ಕ ಕುಂತಳು. “ಅಳಬ್ಯಾಡಬೇ. ಹಟ್ಟಿ ತುಂಬಾ ಮರಿ ಅದಾವು. ಇನ್ನೊಂದರ ಕಿವಿ ಸೀಳು, ಬಿಡು. ನಾನೂ ದರ್ಗಾಕ್ಕ ಸಕ್ಕರಿ ಓದಿಸ್ತೀನಿ.”

“ಹೆಂಗ ಬಿಡ್ಲೇ ದಸ್ತಗಿರಿ? ಒಂದು ಜೀವಕ್ಕ ಒಂದೇ ಟಗರು. ಆಕಿಗೆ ಉಣಿಸಿ, ಕಾಲಿಗೆ ಬಿದ್ದು, ‘ಮಗ ಬಂದ, ನಿನ್ನ ಕೆಲಸ ಮುಗೀತು, ಹೋಗಿ ತಣ್ಣಗಿರವ್ವಾ’ ಅಂತ ಹೇಳಿ ಬಂದೀನಿ. ಆಕಿ ಹೋಗ್ಯಾಳ. ಈಗ ಹೋಗಿ, ಅವತ್ತು ಸುಳ್ಳಾಡಿದ್ದೆ, ಹೊಳ್ಳಿ ಬಾ ಅನ್ಲೇನು?” ಆಕೆ ಹಣೆ ಬಡಿದುಕೊಂಡಳು. “ಹೋದ ಸಲ ಇವನು ಗುಂಡಿನ ನಡುವೆ ಇದ್ದಾಗ ಹಟ್ಟ್ಯಾಗ ಅದಿತ್ತು. ಈ ಸಲ ಇವನ ಹಿಂದ ಏನೂ ಇಲ್ಲ. ನಾವೇ ತಿಂದು ಕೂತೀವಿ.”

ದಸ್ತಗಿರಮ್ಮ ಆಕೆಯ ಬೆನ್ನು ಸವರಿದಳು.

ಮರುದಿನವೆಲ್ಲ ಹೊರಡುವ ತಯಾರಿ ನಡೆಯಿತು. ಶಾಂತಕ್ಕ ಸಜ್ಜೆ ರೊಟ್ಟಿಯನ್ನು ಗರಿಗರಿ ಸುಟ್ಟು ಬಟ್ಟೆಯಲ್ಲಿ ಕಟ್ಟಿದಳು, ಶೇಂಗಾಪುಡಿ ಕುಟ್ಟಿದಳು, ಹಳೇ ಹಸಿರು ಅಂಗಿಗೆ ಗುಂಡಿ ಹೊಲಿದಳು. ಎಲ್ಲ ಮಾಡಿದಳು, ಗಂಡನನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಉಚ್ಚೀರಪ್ಪ ಎರಡು ಸಲ ಹತ್ತಿರ ಹೋಗಿ ನಿಂತು, ಕೆಮ್ಮಿ, ವಾಪಸು ಬಂದ.

ಕೋಸಗಿ ಸ್ಟೇಷನ್ನಿನಲ್ಲಿ ಜನ ಕಿಕ್ಕಿರಿದಿದ್ದರು. ದುಡಿಯಲು ಗುಳೆ ಹೊರಟವರು ಪಾತ್ರೆ, ಕೋಳಿ, ಕೂಸು ಸಮೇತ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಕುಂತಿದ್ದರು. ಅವರಿಗೂ ಊರು ಬಿಡುವುದೇ, ಆದರೆ ಹೋಗುವವರು ಎಲ್ಲರೂ ಒಟ್ಟಿಗೆ ಹೋಗುತ್ತಿದ್ದರು. ಅದನ್ನು ನೋಡಿ ಗಾದಿಲಿಂಗಮ್ಮನಿಗೆ ಹೊಟ್ಟೆ ಉರಿಯಿತು.

ಗಾಡಿ ಬಂತು. ಉಚ್ಚೀರಪ್ಪ ಟ್ರಂಕು ಒಳಗೆ ತಳ್ಳಿ, ಇಳಿದು ತಾಯಿಯ ಕಾಲು ಮುಟ್ಟಿದ. ಆಗ ಶಾಂತಕ್ಕ ಬಾಯಿ ಬಿಟ್ಟಳು.

“ಈ ಸಲನಾದ್ರೂ ಖರೇ ಹೇಳು. ಯಾವಾಗ ಬರ್ತಿ?”

ಅವನು ಹೆಂಡತಿಯನ್ನು ನೋಡಿದ. ಒಮ್ಮೆ ಸುಮ್ಮನಿದ್ದು ಉಂಡ ಪೆಟ್ಟು ಇನ್ನೂ ಹಸಿಯಾಗಿತ್ತು. “ಗೊತ್ತಿಲ್ಲ ಶಾಂತಿ,” ಎಂದ. “ಖರೇವಂದ್ರ, ಬರ್ತೀನೋ ಇಲ್ಲೋ ಅದೂ ಗೊತ್ತಿಲ್ಲ.”

“ಅಯ್ಯೋ!” ಗಾದಿಲಿಂಗಮ್ಮ ಅವನ ಅಂಗಿಯ ಎದೆ ಹಿಡಿದು ಜಗ್ಗಿದಳು. “ಸುಳ್ಳು ಹೇಳೋ! ಅವತ್ತು ಹೇಳಲಿಲ್ಲೇನು? ಇವತ್ತೂ ಹೇಳೋ ನನ್ನಪ್ಪಾ, ಬರ್ತೀನಂತ ಹೇಳೋ!”

ಸೀಟಿ ಆಯಿತು. ಅವನು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚಲಿಸುತ್ತಿದ್ದ ಗಾಡಿ ಹತ್ತಿದ. ಬಾಗಿಲಲ್ಲಿ ನಿಂತು ಕೈ ಬಾಯಿಗೆ ಅಡ್ಡ ಹಿಡಿದು ಏನೋ ಕೂಗಿದ. ಎಂಜಿನ್ನಿನ ಸದ್ದಿಗೆ, ಗುಳೆಯವರ ಗದ್ದಲಕ್ಕೆ ಒಂದಕ್ಷರವೂ ಕೇಳಲಿಲ್ಲ. ಗಾಡಿ ಸಿಗ್ನಲ್ ದಾಟಿತು.

“ಏನಂದ?” ಗಾದಿಲಿಂಗಮ್ಮ ಸೊಸೆಯ ತೋಳು ಹಿಡಿದಳು. “ಏನಂದನೇ?”

ಶಾಂತಕ್ಕನಿಗೂ ಕೇಳಿರಲಿಲ್ಲ. ಹಳಿಯನ್ನೇ ನೋಡುತ್ತ ನಿಂತಳು.

“ಯುಗಾದಿಗೆ ಬರ್ತೀನಿ ಅಂದ, ಅತ್ತಿ.”

“ಖರೇನಾ?”

“ಖರೇನ.”

ಗೇಟಿನ ಹತ್ತಿರ ಮುದುಕಿ ಮತ್ತೊಮ್ಮೆ ಕೇಳಿದಳು. ಶಾಂತಕ್ಕ ಮತ್ತೆ ಅದನ್ನೇ ಹೇಳಿದಳು. ಊರ ದಾರಿಯಲ್ಲಿ ಎದುರಾದ ವೆಂಕಮ್ಮ ಹುಲ್ಲಿನ ಹೊರೆ ಹೊತ್ತುಕೊಂಡೇ ನಿಂತು, “ಹೋದನೇನಬೇ ಮಗ?” ಎಂದಳು.

“ಹೋದ. ಯುಗಾದಿಗೆ ಬರ್ತಾನ,” ಎಂದಳು ಗಾದಿಲಿಂಗಮ್ಮ. “ನಮ್ಮ ಸೊಸಿ ಕಿವ್ಯಾರೆ ಕೇಳ್ಯಾಳ. ಕೇಳು ಬೇಕಾರೆ.”

ವೆಂಕಮ್ಮ ಶಾಂತಕ್ಕನ ಕಡೆ ತಿರುಗಿದಳು. ಶಾಂತಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು, ಹೂಂ ಎಂದು ತಲೆ ಆಡಿಸಿ, ಮುಂದೆ ಮುಂದೆ ನಡೆದಳು.