ಅರ್ಧ ಪಾಲು

"ಇದರಾಗ ಏನು ಬರ್ಸೀದಿ, ಓದವ್ವ," ಎಂದಳು ಜಂಬಕ್ಕ, ಹೆಬ್ಬೆಟ್ಟು ಒತ್ತುವ ಶಾಯಿಡಬ್ಬಿಯನ್ನು ಪಕ್ಕಕ್ಕೆ ಸರಿಸಿ.

ಕಮರುನ್ನೀಸಾ ಓದಿದಳು. ಕೊಟ್ಟೂರಿನ ಬಸ್ ನಿಲ್ದಾಣದೆದುರು ನನ್ನ ಮಿರ್ಚಿ ಬಂಡಿಯ ಸ್ಕ್ಯಾನರಿಗೆ ಬಂದ ದುಡ್ಡಿನಲ್ಲಿ ಅರ್ಧ, ಪಕ್ಕದಲ್ಲಿ ತರಕಾರಿ ಮಾರುವ ಜಂಬಕ್ಕನದು. ಅದನ್ನು ದಿನಾ ಸಂಜೆ ಅವಳ ಕೈಗೇ ಕೊಟ್ಟಿದ್ದೇನೆ. ಅಷ್ಟೇ.

ಸ್ಕ್ಯಾನರ್ ಕಮರುನ್ನೀಸಾ ಕೇಳಿ ಹಾಕಿಸಿಕೊಂಡದ್ದಲ್ಲ. ನಾಲ್ಕು ವರ್ಷದ ಹಿಂದೆ ಸರ್ಕಾರದ ಅಭಿಯಾನದವರು ಬಂಡಿಬಂಡಿಗೆ ಅಂಟಿಸಿ, ಇನ್ನು ಚಿಲ್ಲರೆಯ ಚಿಂತೆಯಿಲ್ಲ ಎಂದು ಭಾಷಣ ಮಾಡಿ, ಹೆಚ್ಚು ಬಳಸಿದವಳೆಂದು ಅವಳಿಗೆ ಶಾಲು ಹೊದಿಸಿದ್ದರು. ಜಂಬಕ್ಕನ ಹತ್ತಿರ ಫೋನಿರಲಿಲ್ಲ. ಅವಳ ಗಿರಾಕಿಗಳೂ ಬದನೆಕಾಯಿ ಕೊಂಡು ಈ ಬಂಡಿಗೇ ಮೊಬೈಲ್ ಹಿಡಿಯತೊಡಗಿದರು. ಈಗ, ಇಷ್ಟು ವ್ಯಾಪಾರಕ್ಕೆ ತೆರಿಗೆ ಯಾಕೆ ಕಟ್ಟಿಲ್ಲವೆಂದು ನೋಟಿಸು ಬಂದಿತ್ತು. ಬಂಡಿ ಮಾರಿದರೂ ತೀರದ ಮೊತ್ತ. ಜಂಬಕ್ಕನ ಪಾಲು ಕಳೆದರೆ ನೀವು ತೆರಿಗೆಯ ಮಿತಿಯೊಳಗೇ ಇರ್ತೀರಿ ಎಂದು ಅರ್ಜಿ ಬರೆಯುವ ವೀರಭದ್ರಯ್ಯ ಈ ಕಾಗದ ಮಾಡಿಕೊಟ್ಟಿದ್ದ.

"ಇದರಾಗ ಸುಳ್ಳೇನೈತಿ, ಜಂಬಕ್ಕ?"

"ಎಲ್ಲಾ ಖರೇನ ಐತಿ. ಅದಕ್ಕ ಅಂಜಿಕಿ." ಜಂಬಕ್ಕ ಸೊಪ್ಪಿಗೆ ನೀರು ಚಿಮುಕಿಸಿದಳು. "ಇಷ್ಟು ರೊಕ್ಕ ನಂದು ಅಂತ ಒತ್ತಿಕೊಟ್ರ ರೇಷನ್ ಕಾರ್ಡ್ ಉಳೀತೈತೇನು? ಆ ಕಾರ್ಡಿನ ಮ್ಯಾಲೇ ನನ್ನ ಮಗಳಿಗೆ ವಾರಕ್ಕ ಎರಡು ಸಲ ದವಾಖಾನ್ಯಾಗ ಪುಕ್ಕಟೆ ರಕ್ತ ಸೋಸ್ತಾರ."

"ಬಂದಿದ್ದೆಲ್ಲಾ ನಿನಗ ಉಳದಿಲ್ಲಲ್ಲ. ಮಾಲು ತರಾಕ ಹೋಗೈತಿ."

"ನಿನಗೂ ಉಳದಿಲ್ಲವ್ವ. ನಿನ್ನ ಮಾತು ಅವರು ಕೇಳಿದ್ರೇನು?"

ಕಮರುನ್ನೀಸಾ ಹೆಬ್ಬೆಟ್ಟಿಲ್ಲದ ಕಾಗದವನ್ನು ಮಡಚಿಟ್ಟುಕೊಂಡಳು.

ತೆರಿಗೆ ಕಚೇರಿಯಲ್ಲಿ ವಿಚಾರಣೆಯ ದಿನ ಬಸ್ಸಿನಲ್ಲಿ ಹೋಗುವಾಗ ವೀರಭದ್ರಯ್ಯ ಕಿವಿಯಲ್ಲಿ ಊದಿದ: "ಒತ್ತದಿದ್ರ ಬಿಡ್ರಿ. ಬಾಯಲ್ಲಿ ಹೆಸರು ಹೇಳ್ರಿ, ಅವರೇ ಕರೆಸಿ ಕೇಳ್ತಾರ." ಅವಳೂ ಹೇಳಬೇಕೆಂದೇ ಹೋಗಿದ್ದಳು. ಆದರೆ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಪೂರಾ ನಿಮ್ಮದೇ ವ್ಯಾಪಾರಾನಾ? ಬೇರೆಯವರದು ಏನಾದರೂ ಇದೆಯಾ?" ಎಂದು ಕೇಳಿದಾಗ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಜಂಬಕ್ಕನ ಮಗಳ ತೋಳು ಕಣ್ಣಮುಂದೆ ಬಂತು.

"ಎಲ್ಲಾ ನಂದೇ ರೀ," ಎಂದಳು.

ವೀರಭದ್ರಯ್ಯ ಹಣೆ ಹಣೆ ಚಚ್ಚಿಕೊಂಡ.

ಮಧ್ಯಾಹ್ನ ಕೊಟ್ಟೂರಿಗೆ ಬಂದಿಳಿದಾಗ ಬಂಡಿಯ ಪಕ್ಕದ ಜಂಬಕ್ಕನ ಜಾಗ ಖಾಲಿಯಿತ್ತು. ಹೂವಿನಂಗಡಿಯ ಎರ್ರೆಮ್ಮ ದಾರ ಬಿಗಿಯುತ್ತಾ ಹೇಳಿದಳು: "ಮುಂಜಾನೆನ ಬುಟ್ಟಿ ಎತ್ತಿಕೊಂಡು ಹೋದಳು. ಯಾರಾರ ಕೇಳಿದ್ರ, ಆ ಬಂಡಿಯಾಕೀಗೂ ಜಂಬಕ್ಕಗೂ ಸಂಬಂಧ ಇಲ್ಲ ಅನ್ನು ಅಂದಾಳ."

ರಸ್ತೆಯಾಚೆ, ಬಿಸಿಲಲ್ಲಿ, ಜಂಬಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಮರುನ್ನೀಸಾ ಅವಳತ್ತ ನಾಲ್ಕು ಹೆಜ್ಜೆ ಹಾಕಿದಳು. ಜಂಬಕ್ಕ ಸೆರಗನ್ನು ಮುಖದ ಮೇಲೆಳೆದುಕೊಂಡು, ಬಾಡಿದ ಮೆಂತ್ಯದ ಕಟ್ಟುಗಳನ್ನು ಒಂದೊಂದಾಗಿ ತಿರುವಿಹಾಕತೊಡಗಿದಳು.

ಅಷ್ಟರಲ್ಲಿ ಹರಪನಹಳ್ಳಿಯ ಬಸ್ಸು ಬಂದು ನಡುವೆ ನಿಂತಿತು.